ಫೋರೆ ಜನರ ನಡುಕ

ನ್ಯೂಗಿನಿ ದ್ವೀಪದ ಪೂರ್ವದ ಮಲೆಸೀಮೆಯಲ್ಲಿ ಫೋರೆ ಎಂಬ ಜನರುಂಟು. ಸತ್ತ ಬಂಧುವನ್ನು ಮಣ್ಣಿನ ಹುಳುಗಳಿಗೆ ಒಪ್ಪಿಸುವುದಕ್ಕಿಂತ, ಪ್ರೀತಿಸಿದವರೇ ತಮ್ಮ ಒಡಲಲ್ಲಿ ಇಟ್ಟುಕೊಳ್ಳುವುದು ಲೇಸೆಂದು ಅವರ ಹಿಂದಿನವರು ಬಗೆದಿದ್ದರು. ಮೆದುಳು ಬಹುಮಟ್ಟಿಗೆ ಹೆಂಗಸರಿಗೂ ಮಕ್ಕಳಿಗೂ ಸಲ್ಲುತ್ತಿದ್ದಿತು. ನಾಗರಿಕನೆನಿಸಿಕೊಂಡವನು ಇದನ್ನು ಕೇಳಿ ಮೂಗು ಮುರಿಯಬಹುದು. ಆದರೆ ಅದು ಕ್ರೌರ್ಯವಲ್ಲ, ಶೋಕದ ವಿಧಿ.

ಆ ಹೆಂಗಸರನ್ನೂ ಮಕ್ಕಳನ್ನೂ ಕುರು ಎಂಬ ರೋಗವು ಹಿಡಿಯಿತು. ಕುರು ಎಂದರೆ ನಡುಕ. ಮೊದಲು ಹೆಜ್ಜೆ ತಪ್ಪುವುದು, ಬಳಿಕ ಮೈಯೆಲ್ಲ ಕಂಪಿಸುವುದು, ನಿಲ್ಲಲಾಗದು, ನುಂಗಲಾಗದು, ಹೆಚ್ಚುಕಡಮೆ ಒಂದು ವರ್ಷದಲ್ಲಿ ಮರಣ. ಕಾರಣವರಿಯದವರು ಮಾಟವೆಂದು ನಂಬಿ ಪರಸ್ಪರ ಶಂಕಿಸಿದರು. 1957ರಲ್ಲಿ ಜಿಗಾಸ್, ಗಜ್ಡುಸೆಕ್ ಎಂಬ ವೈದ್ಯರು ಈ ರೋಗವನ್ನು ಲೋಕಕ್ಕೆ ತಿಳಿಸಿದರು.

1959ರಲ್ಲಿ ಹ್ಯಾಡ್ಲೋ ಎಂಬ ಪಶುವೈದ್ಯರು ಲಂಡನ್ನಿನ ಪ್ರದರ್ಶನವೊಂದರಲ್ಲಿ ಆ ರೋಗಿಗಳ ಮೆದುಳಿನ ಚಿತ್ರಗಳನ್ನು ಕಂಡರು. ನರಕೋಶಗಳಲ್ಲಿ ತೋರುವ ಆ ರಂಧ್ರಗಳು ಅವರಿಗೆ ಹೊಸವಲ್ಲ; ಸ್ಕ್ರೇಪಿ ತಗುಲಿದ ಕುರಿಗಳಲ್ಲಿ ನೋಡಿದ್ದರು. ವಾನರಗಳ ಮೇಲೆ ಪರೀಕ್ಷಿಸಬೇಕೆಂದು ಅವರು ಸೂಚಿಸಿದರು. ರೋಗಿಗಳ ಮೆದುಳಿನ ಅಂಶವನ್ನು ಚಿಂಪಾಂಜಿಗಳಿಗೆ ಸೇರಿಸಲು, ಒಂದೂವರೆ ವರ್ಷ ಕಳೆದ ಮೇಲೆ ಅವಕ್ಕೂ ಅದೇ ಗತಿಯಾಯಿತು. ಹೀಗೆ ಅಂಟುವುದು ಕ್ರಿಮಿಯಲ್ಲ, ವಿಕಾರವಾಗಿ ಮಡಿಚಿಕೊಂಡು ತನ್ನ ಜಾತಿಯ ಇತರವುಗಳನ್ನೂ ಕೆಡಿಸುವ ಪ್ರೋಟೀನು. 1982ರಲ್ಲಿ ಪ್ರೂಸಿನರರು ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು.

ಆ ವಿಧಿಯು 1960ರ ವೇಳೆಗೆ ನಿಂತುಹೋಗಿದ್ದಿತು. ಅನಂತರ ಹುಟ್ಟಿದವರಲ್ಲಿ ಕುರು ಕಾಣಲಿಲ್ಲ. ಆದರೆ ಬಾಲ್ಯದಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತು ಆ ತುತ್ತನ್ನುಂಡಿದ್ದ ಕೆಲವರು, 40-50 ವರ್ಷ ಸುಖವಾಗಿ ಬಾಳಿ, ಒಂದು ದಿನ ಹೆಜ್ಜೆ ತಪ್ಪಿದರು.