ಅಟ್ಟದ ಮೇಲಿನ ಪೇಟಿ

ರಂಜಾನ್ ತಿಂಗಳು ಬರುವ ಮುಂಚೆ ಮನೆಗೆ ಸುಣ್ಣ ಹೊಡೆಸುವುದು ಹರಿಹರದ ನಮ್ಮ ಮನೆಯಲ್ಲಿ ಅಬ್ಬಾನ ಕಾಲದಿಂದ ನಡೆದು ಬಂದ ರೂಢಿ. ಹೋದ ವರ್ಷ ಅಟ್ಟದ ಸಾಮಾನುಗಳನ್ನು ಕೆಳಗಿಳಿಸುವಾಗ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಪೇಟಿಯೊಂದು ನನ್ನ ಮಗಳ ಕೈಗೆ ಸಿಕ್ಕಿತು. ಒಂಬತ್ತನೆಯ ತರಗತಿ ಓದುವ ಹುಡುಗಿ. ಗೋಣಿ ಬಿಚ್ಚಿ, ಧೂಳು ಒರೆಸಿ, ಬೆರಳಿಟ್ಟು ಒತ್ತಿದಳು. ತಿದಿಯನ್ನು ಇಲಿ ತಿಂದಿತ್ತು. ದಮ್ಮಿನ ರೋಗಿ ಉಸಿರೆಳೆದಂತಹ ಒಂದು ಸದ್ದು ಬಂತು, ಅಷ್ಟೇ.

"ಅಬ್ಬೂ, ಇದು ಯಾರದು?"

"ನಿನ್ನ ದಾದಾನದು."

"ದಾದಾ ಮಂಡಿಯಲ್ಲಿ ಲೆಕ್ಕ ಬರೀತಿದ್ರು ಅಂತ ಹೇಳಿದ್ರಲ್ಲ?"

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ದಾವಣಗೆರೆಯ ಮಂಡಿಯಲ್ಲಿ ಲೆಕ್ಕ ಬರೆಯುವುದಕ್ಕೆ ಮುಂಚೆ ನನ್ನ ಅಬ್ಬಾ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾಗಿದ್ದರು. ದಾವಣಗೆರೆ ಎಂದರೆ ಈಗಿನವರಿಗೆ ಬೆಣ್ಣೆದೋಸೆ, ಮಂಡಕ್ಕಿ. ಅಬ್ಬಾನ ಪೀಳಿಗೆಗೆ ಅದು ನಾಟಕದ ಊರು. ಚಿಂದೋಡಿ ಮನೆತನದ ಕಂಪನಿಯ ಊರು. 1988ರಲ್ಲಿ ಪದ್ಮಶ್ರೀ ಪಡೆದು 2010ರಲ್ಲಿ ತೀರಿಕೊಂಡ ಚಿಂದೋಡಿ ಲೀಲಾ ಅವರ ಹೆಸರು ಕೇಳದವರು ಆಗ ಈ ಸೀಮೆಯಲ್ಲಿರಲಿಲ್ಲ. ಅಬ್ಬಾ ದುಡಿದದ್ದು ಅಷ್ಟು ದೊಡ್ಡ ಹೆಸರಿಲ್ಲದ ಸಣ್ಣ ಕಂಪನಿಗಳಲ್ಲಿ. ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು, ತಗಡಿನ ಥಿಯೇಟರು, ಮಳೆಗಾಲದಲ್ಲಿ ಉಪವಾಸ. ಸಿನಿಮಾ, ಅದರ ಹಿಂದೆ ಟಿವಿ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅಬ್ಬಾ ಮಂಡಿ ಸೇರಿದರು.

ಏಳನೆಯ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿನ ಹುಡುಗರು ನನ್ನನ್ನು 'ನಾಟಕ್‌ವಾಲಾ' ಎಂದು ಕರೆಯುತ್ತಿದ್ದರು. ಕನ್ನಡ ಹೈಸ್ಕೂಲಿಗೆ ಸೇರಿದಾಗ ಆ ಹೆಸರು ಹಿಂದೆ ಉಳಿಯಿತೆಂದು ನೆಮ್ಮದಿಪಟ್ಟಿದ್ದೆ. ಆದರೆ ಆ ವರ್ಷದ ಗ್ಯಾದರಿಂಗ್‌ಗೆ ಪೇಟಿ ನುಡಿಸಲು ಮೇಷ್ಟ್ರು ಕರೆಸಿದ್ದು ಅಬ್ಬಾನನ್ನೇ. ಮಾಸಿದ ಕೋಟು ತೊಟ್ಟು, ಪೇಟಿಯನ್ನು ಹೆಗಲ ಮೇಲಿಟ್ಟುಕೊಂಡು ಅವರು ಬಂದರು. ನಾಟಕ ಮುಗಿದ ಮೇಲೆ ಮೇಷ್ಟ್ರು ವೇದಿಕೆಯಿಂದಲೇ, "ಮಾಸ್ತರರ ಮಗ ನಮ್ಮ ಶಾಲೆಯಲ್ಲೇ ಇದ್ದಾನಂತೆ. ಯಾರಪ್ಪಾ, ಎದ್ದು ನಿಲ್ಲು" ಎಂದರು. ನಾನು ಏಳಲಿಲ್ಲ. ಮುಂದೆ ಕುಳಿತವನ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಅಬ್ಬಾ ನನ್ನನ್ನು ನೋಡಿದರು. ನೋಡಿ, ನಗುತ್ತಾ, "ಇವತ್ತು ಬಂದಿಲ್ಲ ಸಾರ್" ಎಂದರು.

ಮನೆಯಲ್ಲಿ ಆ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಪೇಟಿ ಅಟ್ಟ ಸೇರಿತು. 2004ರಲ್ಲಿ ಅವರು ತೀರಿಕೊಳ್ಳುವವರೆಗೂ ಕೆಳಗಿಳಿಯಲಿಲ್ಲ. ಆಮೇಲೆ ನಾನು ಎಷ್ಟೋ ಕಥೆಗಳನ್ನು ಬರೆದೆ. ಇದೊಂದನ್ನು ಬರೆಯಲಿಲ್ಲ.

ಮಗಳು ಈಗ ಪೇಟಿ ಕಲಿಯುತ್ತೇನೆಂದು ಹಟ ಹಿಡಿದಳು. ನಮ್ಮ ಜೊತೆಗೇ ಇರುವ ನನ್ನ ಅಕ್ಕ, ಆಪಾ, ಒಪ್ಪಲಿಲ್ಲ. "ಹೆಣ್ಣು ಹುಡುಗಿ ಪೇಟಿ ಬಾರಿಸ್ತಾಳೆ ಅಂದ್ರೆ ನಾಳೆ ಸಂಬಂಧ ನೋಡೋಕೆ ಬರೋರು ಏನಂತಾರೆ? ದೀನ್‌ನಲ್ಲೂ ಇದಕ್ಕೆ ಜಾಗ ಇಲ್ಲ" ಎಂದಳು. ಸಂಗೀತದ ಬಗ್ಗೆ ನಮ್ಮ ಆಲಿಮರಲ್ಲಿ ಹಿಂದಿನಿಂದಲೂ ಬೇರೆಬೇರೆ ಅಭಿಪ್ರಾಯಗಳಿವೆ. ಆ ಚರ್ಚೆ ಮಾಡುವಷ್ಟು ಇಲ್ಮ್ ನನಗಿಲ್ಲ. ಆಪಾಳ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ವಿಷಯ ನನಗೆ ಗೊತ್ತಿತ್ತು. ಅಂದು ಶಾಲೆಯಲ್ಲಿ ನಾನು ತಲೆ ತಗ್ಗಿಸಿದ್ದು ದೀನ್‌ನ ಕಾರಣಕ್ಕಲ್ಲ, ನಾಚಿಕೆಯ ಕಾರಣಕ್ಕೆ. ಎರಡನ್ನೂ ಬೆರೆಸಿ ಮಾತನಾಡುವುದು ನಮಗೆ ಬಹಳ ಸುಲಭವಾಗಿಬಿಟ್ಟಿದೆ.

ಅದೇ ದಿನಗಳಲ್ಲಿ ಅವಳ ಡ್ರಾಯಿಂಗ್ ಮೇಡಂ ಪ್ಯಾರಿಸ್ಸಿನ ಮೋಂಮಾರ್ತ್ರ ಗುಡ್ಡದ ಚಿತ್ರಗಳನ್ನು ತೋರಿಸಿದ್ದರಂತೆ. ಬರೀ 130 ಮೀಟರ್ ಎತ್ತರದ ದಿಬ್ಬ. 1860ರಲ್ಲಿ ಪ್ಯಾರಿಸ್ ನಗರಕ್ಕೆ ಸೇರಿದ ಹಳ್ಳಿ. ಬಾಡಿಗೆ ಅಗ್ಗವೆಂದು ಬಡ ಚಿತ್ರಕಾರರು ಅಲ್ಲಿ ಹೋಗಿ ನೆಲೆಸಿದರು. ಪಿಕಾಸೊ 1904ರಿಂದ 1909ರವರೆಗೆ ಅಲ್ಲಿನ ಒಂದು ಮುರುಕಲು ಕಟ್ಟಡದಲ್ಲಿದ್ದ. "ನಮ್ಮಲ್ಲಿ ಅಂಥ ಗುಡ್ಡ ಇಲ್ವಾ ಅಬ್ಬೂ?" ಎಂದು ಕೇಳಿದಳು. ನನಗೆ ಅಬ್ಬಾನ ಮಾತು ನೆನಪಾಯಿತು. ರಾತ್ರಿ ರೇಡಿಯೋದಲ್ಲಿ ಧಾರವಾಡ ಹಿಡಿದು ಕೇಳುತ್ತಾ, "ಒಂದು ಸಲ ಆ ದಿಬ್ಬ ಹತ್ತಬೇಕು ಬೇಟಾ, ಗವಾಯಿಗಳ ದಿಬ್ಬ ಅದು" ಎನ್ನುತ್ತಿದ್ದರು. ಅವರು ಹೋಗಲಾಗಲಿಲ್ಲ. ನಾವಿಬ್ಬರೂ ಹೊರಟೆವು.

ಹರಿಹರದಲ್ಲಿ ರೈಲು ಹತ್ತಿದರೆ ತುಂಗಭದ್ರೆ ದಾಟಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ಹುಬ್ಬಳ್ಳಿಗೆ ಸ್ವಲ್ಪ ಮುಂಚೆ ಕುಂದಗೋಳ. ಸ್ಟೇಷನ್ನಿನ ಬೋರ್ಡು ಕಂಡಾಗ ಮಗಳಿಗೆ ಹೇಳಿದೆ: ಈ ಊರಿನ ರಾಮಭಾವು ಎಂಬ ಬ್ರಾಹ್ಮಣ ಹುಡುಗ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯನಾಗಿ ಸವಾಯಿ ಗಂಧರ್ವರೆಂದು ಹೆಸರಾದರು. ಉಸ್ತಾದರು ಉತ್ತರ ಪ್ರದೇಶದ ಕೈರಾನಾದವರು. ಮೈಸೂರು ಅರಮನೆಗೆ ಹೋಗಿ ಬರುವ ಗವಾಯಿಗಳಿಗೆ ಹುಬ್ಬಳ್ಳಿ-ಧಾರವಾಡ ದಾರಿಯ ನಿಲ್ದಾಣ. ನಿಂತವರು ಕಲಿಸಿದರು, ಕಲಿತವರು ಇಲ್ಲೇ ಬೇರು ಬಿಟ್ಟರು. ಸವಾಯಿ ಗಂಧರ್ವರ ಮನೆಯಲ್ಲಿ ಉಳಿದು ಭೀಮಸೇನ ಜೋಶಿ ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಇದೇ ದಾರಿಯ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಮಗಳು ಕಿಟಕಿಯಿಂದ ಆ ಸಣ್ಣ ಪ್ಲಾಟ್‌ಫಾರಂ ಮರೆಯಾಗುವವರೆಗೂ ನೋಡುತ್ತಿದ್ದಳು.

ಧಾರವಾಡ ನಮ್ಮ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚು. ಒಂದು ಪಕ್ಕದ ಮಳೆನೀರು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಪಕ್ಕದ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಸ್ಟೇಷನ್ನಿನ ಬಳಿಯ ಬಡಾವಣೆಯ ಹೆಸರೇ ಮಾಳಮಡ್ಡಿ. ಮಡ್ಡಿ ಎಂದರೆ ದಿಬ್ಬ. ಏರಿದಷ್ಟೂ ಇಳಿಯಬೇಕು, ಇಳಿದಷ್ಟೂ ಏರಬೇಕು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ' ಮತ್ತು ಕೆರೆ ನೋಡಿ, ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'ಕ್ಕೆ ಹೋದೆವು. ಈಗ ಅದು ಸ್ಮಾರಕ. ಗೋಡೆಯ ಮೇಲೆ ಫೋಟೋಗಳು. ದೊಡ್ಡ ಬಂಗಲೆಯೇನಲ್ಲ, ಒಬ್ಬ ಮಾಸ್ತರರ ಮನೆಯ ಹಾಗಿದೆ. 1992ರಲ್ಲಿ ಅವರು ತೀರಿಕೊಂಡರು, ಪದ್ಮವಿಭೂಷಣ ಬಂದ ವರ್ಷವೇ.

ಮನಸೂರು ಗ್ರಾಮದ ಈ ಲಿಂಗಾಯತ ಹುಡುಗ ಮೊದಲು ಸೇರಿದ್ದು ನಾಟಕ ಕಂಪನಿಗೆ. ಅಲ್ಲಿ ಅವನ ಕಂಠ ಕೇಳಿ ನೀಲಕಂಠಬುವಾ ಮಿರಜಿಗೆ ಕರೆದೊಯ್ದರು. ಆಮೇಲೆ ಮುಂಬಯಿಯಲ್ಲಿ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಗುರುಗಳಾದರು. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರು ಕಲಿಸಿದರು. ಘರಾಣೆ ಎಂದರೆ ಮನೆತನ. ಆಸ್ತಿಯಂತೆ ಕಾಪಾಡಿಕೊಂಡಿದ್ದ ವಿದ್ಯೆಯನ್ನು ಖಾನ್ ಸಹೋದರರು ಹೊರಗಿನ ಹುಡುಗನಿಗೆ ಕೊಟ್ಟರು. ಅವನು ಅದನ್ನು ಈ ದಿಬ್ಬಕ್ಕೆ ತಂದ.

"ಹಾಗಾದ್ರೆ ಇವರೂ ದಾದಾನ ಹಾಗೆ ನಾಟಕ ಕಂಪನಿಯವರಾ?" ಎಂದು ಮಗಳು ಕೇಳಿದಳು. ಹೌದು ಎಂದೆ. ಸವಾಯಿ ಗಂಧರ್ವರೂ ವರ್ಷಗಟ್ಟಲೆ ನಾಟಕಗಳಲ್ಲಿ ಬಣ್ಣ ಹಚ್ಚಿದವರು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ನನಗೇ ಗಂಟಲು ಕಟ್ಟಿತು.

ಮಸೀದಿಯೊಂದರಲ್ಲಿ ಝುಹರ್ ಮುಗಿಸಿ ಊಟ ಮಾಡಿ ಪೇಟೆಯ ಕಡೆ ನಡೆದೆವು. ಸಿತಾರ್ ರತ್ನ ರಹಿಮತ್ ಖಾನರು ಗುಜರಾತಿನ ಕಡೆಯಿಂದ ಬಂದು ಈ ಊರಿನವರೇ ಆದವರು. ಇಲ್ಲಿ ಸಂಗೀತ ಶಾಲೆ ತೆರೆದರು. ಅವರ ಮಗ, ಮೊಮ್ಮಕ್ಕಳು ಅದನ್ನು ಮುಂದುವರಿಸಿದರು. ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಂಡರೂ ಸಿತಾರಿನ ಪಾಠ ಆ ಮನೆತನದಲ್ಲಿ ನಿಂತಿಲ್ಲ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಪ್ರಸಿದ್ಧ 'ಅಟ್ಟ'ವನ್ನೂ ಹತ್ತಿದೆವು. 1933ರಲ್ಲಿ ಶುರುವಾದ ಪ್ರಕಾಶನ. ಜಿ.ಬಿ. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಕುಳಿತು ಹಸ್ತಪ್ರತಿ ಓದುತ್ತಿದ್ದ ಜಾಗ. ತರುಣ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಹೊರಬಂದದ್ದು ಇಲ್ಲಿಂದ. ನಾವು ಅಟ್ಟವನ್ನು ಬೇಡವಾದುದನ್ನು ಎಸೆಯಲು ಇಟ್ಟುಕೊಂಡಿದ್ದೇವೆ. ಇವರು ಹೊಸದನ್ನು ಹುಡುಕಲು ಇಟ್ಟುಕೊಂಡಿದ್ದರು.

ಸಂಜೆ ಶುಕ್ರವಾರಪೇಟೆಗೆ ಹೋದೆವು. ಗಂಗೂಬಾಯಿ 1913ರಲ್ಲಿ ಹುಟ್ಟಿದ ಮನೆ ಅಲ್ಲಿದೆ. 'ಗಂಗೋತ್ರಿ' ಎಂದು ಹೆಸರು. ಹೊತ್ತಾಗಿದ್ದರಿಂದ ಬಾಗಿಲು ಹಾಕಿತ್ತು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಆಕೆಯ ಹಾಡು ಕೇಳಲು ಅಬ್ದುಲ್ ಕರೀಂ ಖಾನರಂಥವರೇ ಬರುತ್ತಿದ್ದರು. ಆದರೆ ಬೀದಿಯವರ ಕಣ್ಣಿಗೆ ಇದು 'ಹಾಡುವವರ ಮನೆ'. ಬಾಲ್ಯದಲ್ಲಿ ಪಕ್ಕದ ತೋಟದಲ್ಲಿ ಮಾವಿನಕಾಯಿ ಕದ್ದಾಗ, ಕದ್ದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದೇ ದೊಡ್ಡ ತಪ್ಪಾಯಿತೆಂದು ಅವರು ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿಗೆ ಇದ್ದ ಭಯವೂ ಇದೇ ತರಹದ್ದು. ಉಂಡ ಎಲೆ ತೆಗೆಯಲು ಎಲ್ಲಿ ತನಗೆ ಹೇಳುತ್ತಾರೋ ಎಂದು. ಮುಂದೆ ಅವರನ್ನು ಅಟ್ಟಿದವರ ಮನೆಯವರೇ ಕರೆದು ಊಟ ಹಾಕಿದರು. ಗಂಗೂಬಾಯಿ ಆ ತಾಯಿಯ ಮಗಳೆಂದು ಹೇಳಿಕೊಳ್ಳಲು ಎಂದೂ ಹಿಂಜರಿಯಲಿಲ್ಲ.

ಆ ಕಟ್ಟೆಯ ಮೇಲೆ ಕುಳಿತೇ ನಾನು ಮಗಳಿಗೆ ಗ್ಯಾದರಿಂಗ್ ದಿನದ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ದಾದಾಗೆ ಬೇಜಾರಾಗಿರಬೇಕು" ಎಂದಳು. ಆಮೇಲೆ, "ನೀವು ಯಾವತ್ತಾದ್ರೂ ಅವರಿಗೆ ಸಾರಿ ಹೇಳಿದ್ರಾ?" ಎಂದಳು. ಇಲ್ಲ ಎಂದೆ.

ಮೋಂಮಾರ್ತ್ರದಲ್ಲಿ ಪಿಕಾಸೊ ಇದ್ದ ಕಟ್ಟಡ 1970ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಆದರೆ ಅದಕ್ಕೆ ಎಷ್ಟೋ ಮುಂಚೆಯೇ ಬಾಡಿಗೆ ಏರಿ, ಕಲಾವಿದರಲ್ಲಿ ಅನೇಕರು ಗುಡ್ಡ ಇಳಿದು ಬೇರೆ ಕಡೆ ಹೋಗಿದ್ದರು. ಈಗ ಅಲ್ಲಿನ ಚೌಕದಲ್ಲಿ ಪರವಾನಗಿ ಪಡೆದವರು ಪ್ರವಾಸಿಗರ ಮುಖ ಬರೆದುಕೊಡುತ್ತಾರೆ. ಅದೂ ಹೊಟ್ಟೆಪಾಡು, ತಪ್ಪೇನಿಲ್ಲ. ಆದರೆ ಕಲಾವಿದರ ಗುಡ್ಡ ಎನ್ನುವುದು ಗೋಡೆಗಳಿಂದ ಉಳಿಯುವುದಿಲ್ಲ. ಸ್ಮಾರಕಗಳು ಬೇಕು, ಅವುಗಳಿಗೆ ಸುಣ್ಣಬಣ್ಣವೂ ಆಗಬೇಕು. ಅದಕ್ಕಿಂತ ಹೆಚ್ಚಾಗಿ, ಯಾವುದೋ ಒಂದು ಮನೆಯಲ್ಲಿ ಯಾರೋ ಒಬ್ಬರು, ತಮ್ಮವರಲ್ಲದ ಒಂದು ಮಗುವಿಗೆ ಬಾಗಿಲು ತೆರೆದು "ಕೂತ್ಕೋ" ಎನ್ನಬೇಕು. ಆ ಮಗುವಿನ ಮನೆಯವರು ನಾಚಿಕೆಪಡದೆ ಕಳುಹಿಸಬೇಕು. ಧಾರವಾಡ ಆದದ್ದು ಹಾಗೆ. ನಮ್ಮ ದಾವಣಗೆರೆ, ಹರಿಹರಗಳಲ್ಲೂ ಪೇಟಿ, ತಬಲಾ, ಬಣ್ಣದ ಪರದೆಗಳ ಹಿಂದೆ ಎಷ್ಟೋ ಸಾಬರು, ಎಷ್ಟೋ ಕೆಳಜಾತಿಯವರು ಬದುಕು ಸವೆಸಿದರು. ಅವರ ಮನೆಗಳು ಸ್ಮಾರಕವಾಗುವುದಿಲ್ಲ. ಮಕ್ಕಳಾದರೂ ಹೆಸರು ಹೇಳಬಹುದಿತ್ತು.

ಊರಿಗೆ ಬಂದ ಮೇಲೆ ದಾವಣಗೆರೆಯಲ್ಲಿ ಪೇಟಿ ರಿಪೇರಿ ಮಾಡುವವರನ್ನು ಹುಡುಕಿ ತಿದಿಗೆ ಹೊಸ ಬಟ್ಟೆ ಹಾಕಿಸಿದೆ. ಮೂರು ಸ್ವರಗಳು ಇನ್ನೂ ಸರಿಯಾಗಿ ಕೂಡಿಲ್ಲ. ವಾರಕ್ಕೆರಡು ದಿನ ನಮ್ಮ ಓಣಿಯ ಆಚೆ ಇರುವ ಒಬ್ಬ ನಿವೃತ್ತ ಟೀಚರಮ್ಮನ ಮನೆಗೆ ಮಗಳು ಪಾಠಕ್ಕೆ ಹೋಗುತ್ತಾಳೆ. ಆಪಾ ಈಗಲೂ ಒಪ್ಪಿಲ್ಲ. ಒಪ್ಪಿಸಬೇಕೆಂದು ನಾನು ವಾದ ಮಾಡುವುದೂ ಇಲ್ಲ. ಮೊದಲ ದಿನ, "ಬಾಗಿಲು ಹಾಕ್ಕೊಂಡು ಬಾರಿಸು" ಎಂದಿದ್ದಳು. ಮೊನ್ನೆ ಸಂಜೆ ಮಗಳು ನುಡಿಸುವಾಗ ಒಳಗಿನಿಂದ ಕೂಗಿದಳು: "ಅಬ್ಬಾ ಅಲ್ಲಿ ಇಷ್ಟು ಜೋರು ಮಾಡ್ತಿರಲಿಲ್ಲ. ಸ್ವಲ್ಪ ನಿಧಾನ."

ಆಪಾಗೆ ಅದು ನೆನಪಿದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.