ಬಾಲ ಕಟ್ಟಿಕೊಂಡು ಬಯಲುನಾಡಿಗೆ

ಗೃಹಸ್ಥನಾದವನು ಮನೆಗೆ ಬೀಗ ಹಾಕಿ ಪ್ರವಾಸ ಹೊರಡುವುದು ಲೋಕರೂಢಿ. ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಡುವುದು ಬಸವನಹುಳುವಿನ ರೂಢಿ. ಕಳೆದ ಪುಷ್ಯಮಾಸದಲ್ಲಿ ನಾವು ಈ ಎರಡನೆಯ ಮಾರ್ಗವನ್ನು ಹಿಡಿದು ವಯನಾಡಿಗೆ ಹೋಗಿಬಂದೆವು. ದಾರಿಯಲ್ಲಿ ನಾವು ಪಟ್ಟ ಪಾಡನ್ನು ಕೇಳಿದವರೆಲ್ಲ ನಕ್ಕಿದ್ದಾರೆ. ಓದುಗ ಬಾಂಧವರೂ ನಗಬಹುದು. ಆದರೆ ನಾವು ಹೊರಟ ಉದ್ದೇಶ ಮಾತ್ರ ನಗೆಯದಾಗಿರಲಿಲ್ಲ.

ನಮ್ಮ ತಾಯಿಯವರ ತವರು ಕಲ್ಪೆಟ್ಟದ ಸಮೀಪದ ಒಂದು ಕಾಫಿತೋಟ. ಮದುವೆಯಾಗಿ ಅವರು ಕಾಸರಗೋಡಿನ ಕಡೆಗೆ ಬಂದು ಅರುವತ್ತು ವರ್ಷಗಳು ಸಂದಿವೆ. ಪಾಲುಪಟ್ಟಿಯಾದ ಮೇಲೆ ತವರಿನ ಹಳೆಯ ಹೆಂಚಿನ ಮನೆಯನ್ನು ಬಿಚ್ಚಿದರು. ಈಗ ಉಳಿದಿರುವುದು ಅಂಗಳ, ಬಾವಿ ಮತ್ತು ಒಂದು ಹಲಸಿನ ಮರ. ಆ ಜಾಗವೂ ಈ ವರ್ಷ ಕೈಬದಲಾಗುವುದೆಂಬ ಸುದ್ದಿ ಬಂದಾಗ ತಾಯಿಯವರು ಒಂದೇ ಮಾತು ಹೇಳಿದರು: "ಆ ಅಂಗಳದಲ್ಲಿ ಒಂದು ಬೆಳಗು ಎದ್ದು ಕೂತರೆ ಸಾಕು." ಕಲ್ಪೆಟ್ಟದ ವಸತಿಗೃಹದಲ್ಲಿ ಉಳಿದುಕೊಂಡು ಹಗಲು ಹೋಗಿ ನೋಡಿಬರೋಣವೆಂದೆವು. "ನೋಡುವುದು ಬೇರೆ, ಏಳುವುದು ಬೇರೆ" ಎಂದರು. ಎಂಬತ್ತು ದಾಟಿದ, ಮೊಣಕಾಲು ನೋವಿನ ವೃದ್ಧೆಯನ್ನು ವಯನಾಡಿನ ಚಳಿಯಲ್ಲಿ ಬಯಲಿನಲ್ಲಿ ಮಲಗಿಸುವುದು ಹೇಗೆ?

ಮೈಸೂರಿನಲ್ಲಿರುವ ನಮ್ಮ ಷಡ್ಡಕರು ಉಪಾಯ ಸೂಚಿಸಿದರು. ಅವರು ಕೆಲವು ವರ್ಷಗಳ ಹಿಂದೆ ಎರಡು ಚಕ್ರದ ಚಿಕ್ಕದೊಂದು ಟ್ರೈಲರ್ ಮನೆಯನ್ನು ಕಟ್ಟಿಸಿಕೊಂಡಿದ್ದರು. ಒಳಗೆ ಎರಡು ಮಂಚ, ಒಂದು ಒಲೆ, ಕೈತೊಳೆಯುವ ತೊಟ್ಟಿ, ಮೂಲೆಯಲ್ಲಿ ಶೌಚದ ವ್ಯವಸ್ಥೆ. ಜೀಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿದರೆ ಮನೆ ನಡೆಯುತ್ತದೆ. ನಮ್ಮ ದೇಶದಲ್ಲಿ ಇಂಥವು ವಿರಳ. ಕೇರಳ ಸರಕಾರ 2021ರಲ್ಲಿ ಕಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತಾದರೂ ಅದರಲ್ಲಿ ನಾವು ಕೇಳಿದುದು ಹೆಚ್ಚಾಗಿ ತಾನೇ ಓಡುವ ವಾಹನಗಳ ಸುದ್ದಿ. ಎಳೆಸಿಕೊಳ್ಳುವ ಮನೆಯ ವಿಚಾರ ಬೇರೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೈಲರಿಗೆ ಪ್ರತ್ಯೇಕ ವ್ಯಾಖ್ಯೆಯಿದೆ. ಅದಕ್ಕೆ ತನ್ನದೇ ನೋಂದಣಿ ಬೇಕು. ಷಡ್ಡಕರು ಆ ಕಾಗದಪತ್ರಗಳನ್ನೆಲ್ಲ ಕೈಗಿತ್ತು, "ಮುಂದಕ್ಕೆ ಹೋಗುವುದು ಕಷ್ಟವಲ್ಲ" ಎಂದರು. ಆ ಮಾತಿನ ಉಳಿದರ್ಧವನ್ನು ನಾವು ಕೇಳಬೇಕಿತ್ತು. ಕೇಳಲಿಲ್ಲ.

ಮೈಸೂರನ್ನು ಬಿಟ್ಟಾಗ ಸಂಜೆ ನಾಲ್ಕು ಗಂಟೆ. ಅಕ್ಕಿ, ಬೇಳೆ, ನೀರಿನ ಡ್ರಮ್ಮು, ಬಂಧುಗಳಿಗೆಂದು ಕೊಂಡ ಸಾಮಾನು, ಎಲ್ಲವನ್ನೂ ಬಾಗಿಲಿಗೆ ಹತ್ತಿರವೆಂದು ಟ್ರೈಲರಿನ ಹಿಂಬದಿಗೆ ತುಂಬಿದ್ದೆವು. ನಂಜನಗೂಡು ದಾಟಿ, ರಸ್ತೆ ಚೆನ್ನಾಗಿದೆಯೆಂದು ವೇಗ ಹೆಚ್ಚಿಸಿದಾಗ ಬೆನ್ನ ಹಿಂದೆ ಏನೋ ತೂಗಿದಂತಾಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಮನೆ ಎಡಕ್ಕೂ ಬಲಕ್ಕೂ ಬಾಲ ಬೀಸುತ್ತಿದೆ! ಜೀಪನ್ನೂ ಅದು ಹಿಡಿದು ಅಲ್ಲಾಡಿಸತೊಡಗಿತು. ಗಾಬರಿಯಲ್ಲಿ ಬ್ರೇಕಿನ ಮೇಲೆ ಕಾಲಿಡಬೇಕೆನ್ನುವಷ್ಟರಲ್ಲಿ ಹಿಂದೆ ಕುಳಿತ ತಾಯಿಯವರು "ಸುಮ್ಮನೆ ಬಿಡು, ಸುಮ್ಮನೆ ಬಿಡು" ಎಂದು ಕೂಗಿದರು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದುಕೊಂಡೆವು. ವೇಗ ಇಳಿದಂತೆ ಓಲಾಟವೂ ಇಳಿಯಿತು. ಅದೇ ಸರಿಯಾದ ಕ್ರಮವೆಂದೂ, ಆಗ ಜೋರಾಗಿ ಬ್ರೇಕು ಹಾಕಿದ್ದರೆ ಅಥವಾ ಸ್ಟೀರಿಂಗ್ ತಿರುಗಿಸಿದ್ದರೆ ಮನೆ ನಮ್ಮನ್ನೂ ಕೆಡವುತ್ತಿತ್ತೆಂದೂ ಆಮೇಲೆ ತಿಳಿಯಿತು.

ರಸ್ತೆ ಬದಿಗೆ ನಿಲ್ಲಿಸಿ ಇಳಿದೆವು. ತಾಯಿಯವರು ಟ್ರೈಲರನ್ನು ಸುತ್ತಿ ನೋಡಿ, "ಇದು ಎತ್ತಿನ ಗಾಡಿಯಲ್ಲವೇ? ಹಿಂಭಾರವಾದರೆ ನೊಗ ಮೇಲೇಳುತ್ತದೆ" ಎಂದರು. ಎಷ್ಟು ಸರಳ! ಗಾಡಿ ಹೊಡೆಯುವವನು ಮೂಕಿಯ ಮೇಲೆ ತಕ್ಕಷ್ಟು ಭಾರ ಬೀಳುವಂತೆ ಹೇರು ಹೊಂದಿಸುವ ಹಾಗೆಯೇ, ಟ್ರೈಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಬೀಳಬೇಕಂತೆ. ಭಾರದ ಸಾಮಾನನ್ನೆಲ್ಲ ಅಚ್ಚಿನ ನೇರಕ್ಕೂ ತುಸು ಮುಂದಕ್ಕೂ ಸಾಗಿಸಿದ ಮೇಲೆ ಮನೆ ಸಾಧುವಾಯಿತು.

ಆದರೆ ಈ ಕೆಲಸದಲ್ಲಿಯೂ, ಆಮೇಲೆ ಹೆದರಿಕೆಯಿಂದ ಆಮೆನಡಿಗೆಯಲ್ಲಿ ಸಾಗಿದುದರಲ್ಲಿಯೂ ಹೊತ್ತು ಕಳೆಯಿತು. ನಡುವೆ ಊಟಕ್ಕೂ ಇಳಿದಿದ್ದೆವು. ಬಂಡೀಪುರದ ಕಾಡಿನ ಮೂಲಕ ವಯನಾಡಿಗೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ತನಕ ಸಂಚಾರಕ್ಕೆ ನಿರ್ಬಂಧವಿದೆ. ಗುಂಡ್ಲುಪೇಟೆ ದಾಟಿ ಮದ್ದೂರಿನ ತನಿಖಾಠಾಣೆಯನ್ನು ಮುಟ್ಟಿದಾಗ ಗೇಟು ಬಿದ್ದಿತ್ತು. ಆನೆಗಳ ನಿದ್ರೆಗೋ ಊಟಕ್ಕೋ ಭಂಗ ಬಾರದಿರಲೆಂಬ ಕಟ್ಟಳೆಯನ್ನು ನಾವು ದೂರಲಾರೆವು. ಹಿಂದೆ ಮನೆಯಿರುವಾಗ ದೂರಬೇಕಾದರೂ ಏಕೆ? ಗುಂಡ್ಲುಪೇಟೆಗೆ ಮರಳಿ, ಪರವಾನಗಿ ಕೇಳಿ ಒಂದು ಖಾಲಿ ಜಾಗದಲ್ಲಿ ಬಿಡಾರ ಹೂಡಿದೆವು.

ಇಲ್ಲಿ ಎರಡನೆಯ ಪಾಠ. ಚಕ್ರಗಳಿಗೆ ಕಲ್ಲು ಕೊಡುವ ಮೊದಲೇ ಕೊಂಡಿ ಬಿಡಿಸಿದೆವು. ಕತ್ತಲೆಯಲ್ಲಿ ಸಮತಟ್ಟೆಂದು ತೋರಿದ ನೆಲ ಸಮತಟ್ಟಾಗಿರಲಿಲ್ಲ. ಮನೆ ಯಾರಿಗೂ ಹೇಳದೆ ಹಿಮ್ಮುಖವಾಗಿ ಹೊರಟು, ಹತ್ತು ಹೆಜ್ಜೆ ನಡೆದು, ಒಂದು ಹುಣಿಸೆಮರಕ್ಕೆ ಒರಗಿ ನಿಂತಿತು. ಪುಣ್ಯಕ್ಕೆ ತಾಯಿಯವರು ಒಳಗಿರಲಿಲ್ಲ. ಅಲ್ಲಿಯೇ ಕಲ್ಲು ಕೊಟ್ಟು ಮಲಗಿದೆವು. ಒಂದು ಪಕ್ಕಕ್ಕೆ ಇಳಿಜಾರಾದ್ದರಿಂದ ಇರುಳಿಡೀ ಎಲ್ಲರೂ ಒಂದೇ ಗೋಡೆಗೆ ಉರುಳುತ್ತಿದ್ದೆವು. ಮೊದಲು ತಗ್ಗಿನ ಚಕ್ರದಡಿಗೆ ಹಲಗೆ ಕೊಟ್ಟು ಎಡಬಲವನ್ನು ಸರಿಪಡಿಸಬೇಕು, ಎರಡು ಚಕ್ರಕ್ಕೂ ಅಡ್ಡ ಕೊಡಬೇಕು, ಆಮೇಲೆ ಕೊಂಡಿ ಬಿಡಿಸಬೇಕು, ಕಟ್ಟಕಡೆಗೆ ಮುಂದಿನ ಪುಟ್ಟ ಚಕ್ರವನ್ನು ಏರಿಸಿ ಇಳಿಸಿ ಹಿಂದುಮುಂದನ್ನು ಹೊಂದಿಸಬೇಕು ಎಂಬ ಕ್ರಮವನ್ನು ಮರುದಿನ ಕಂಠಪಾಠ ಮಾಡಿದೆವು.

ಬೆಳಗ್ಗೆ ಆರು ಗಂಟೆಗೆ ಗೇಟು ತೆರೆಯಿತು. ಮಂಜು ಮುಸುಕಿದ ಕಾಡು, ದಾರಿಯಂಚಿನಲ್ಲಿ ಮೇಯುವ ಜಿಂಕೆಗಳ ಹಿಂಡು. ಆದರೆ ಆ ಸೊಬಗನ್ನು ಸವಿಯುವ ಭಾಗ್ಯ ನಮಗಿರಲಿಲ್ಲ. ಕಾಡಿನ ರಸ್ತೆಯಲ್ಲಿ ವೇಗ ತಡೆಯಲು ಹಾಕಿದ ಉಬ್ಬುಗಳು ಹೇರಳ. ಹೊರಡುವ ಆತುರದಲ್ಲಿ ಟ್ರೈಲರಿನ ಮೆಟ್ಟಿಲನ್ನು ಮಡಚಲು ಮರೆತಿದ್ದೆವು. ಮೊದಲನೆಯ ಉಬ್ಬಿಗೆ 'ಖಣ್' ಎಂದಿತು, ಎರಡನೆಯದಕ್ಕೆ ಸೊಟ್ಟಗಾಯಿತು. ಕಾಡಿನ ನಡುವೆ ನಿಲ್ಲಿಸಿ ಇಳಿಯುವಂತಿಲ್ಲ. ಮೂಲೆಹೊಳೆ ದಾಟಿ, ಮುತ್ತಂಗದ ಅರಣ್ಯವನ್ನೂ ಮುಗಿಸಿ, ಮನೆಗಳು ಕಾಣಿಸಿಕೊಂಡ ಮೇಲೆಯೇ ಅದನ್ನು ಹಗ್ಗದಿಂದ ಕಟ್ಟಿದೆವು.

ಸುಲ್ತಾನ್ ಬತ್ತೇರಿ ಕನ್ನಡಿಗರಿಗೆ ಪರಕೀಯ ಊರಲ್ಲ. ಈ ನಾಡನ್ನು ಕನ್ನಡ ಶಾಸನಗಳು 'ಬಯಲ್ನಾಡು' ಎಂದು ಕರೆದಿವೆ. ಇಲ್ಲಿನ ಶಿಲಾಮಯವಾದ ಜೈನ ಬಸದಿಯನ್ನು ಟಿಪ್ಪು ಸುಲ್ತಾನನು ಮದ್ದುಗುಂಡುಗಳ ಉಗ್ರಾಣವನ್ನಾಗಿ ಬಳಸಿದುದರಿಂದ, ಗಣಪತಿವಟ್ಟವೆಂಬ ಊರಿಗೆ 'ಬತ್ತೇರಿ'ಯ ಹೆಸರು ಬಂತೆನ್ನುತ್ತಾರೆ. ಬಸದಿಯನ್ನು ನೋಡುವ ಆಸೆಯಿಂದ ಪೇಟೆಯೊಳಗೆ ಎಡಕ್ಕೆ ತಿರುಗಿಸಿದೆವು. ಜೀಪು ಸಲೀಸಾಗಿ ತಿರುಗಿತು. ಟ್ರೈಲರಿನ ಎಡಚಕ್ರ ಮಾತ್ರ ಮೂಲೆಯನ್ನು ಕತ್ತರಿಸಿ, ಅಂಗಡಿಯೊಂದರ ಮುಂದೆ ಜೋಡಿಸಿಟ್ಟ ನೇಂದ್ರಬಾಳೆಯ ಗೊನೆಯ ಮೇಲೇರಿತು. ಎಳೆಯುವ ಬಂಡಿ ಸುತ್ತಿ ಹೋದಲ್ಲಿ ಎಳೆಸಿಕೊಳ್ಳುವ ಬಂಡಿ ಅಡ್ಡದಾರಿ ಹಿಡಿಯುತ್ತದೆ. ಆದ್ದರಿಂದ ಮೂಲೆಯನ್ನು ಸಾಕಷ್ಟು ದಾಟಿದ ಮೇಲೆಯೇ ತಿರುಗಿಸಬೇಕು. ಗೊನೆಯ ಬೆಲೆ ತೆತ್ತು ಈ ಜ್ಞಾನವನ್ನು ಕೊಂಡೆವು. ಅಂಗಡಿಯಾತ ಒಳ್ಳೆಯವನು; ಜಜ್ಜಿದ ಹಣ್ಣುಗಳನ್ನೂ ಕಟ್ಟಿಕೊಟ್ಟ.

ಮಧ್ಯಾಹ್ನಕ್ಕೆ ತವರಿನ ಓಣಿಯ ಬಾಯಿಗೆ ಬಂದೆವು. ಬಾಲ್ಯದಲ್ಲಿ ತಾವು ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ಬಸದಿಗೆ ನಡೆದು ಹೋಗುತ್ತಿದ್ದ ದಾರಿ ಇದೇ ಎಂದು ತಾಯಿಯವರು ಬೆರಳು ತೋರಿಸಿದರು. ಓಣಿ ಅಗಲವಿಲ್ಲ, ಒಂದು ಕಡೆ ದರೆ, ಇನ್ನೊಂದು ಕಡೆ ಕಾಫಿಗಿಡ. ಅಂಗಳದಲ್ಲಿ ತಿರುಗಿಸಲು ಎಡೆಯಿಲ್ಲ. ಮುಂದಾಗಿ ನುಗ್ಗಿದರೆ ಮತ್ತೆ ಹೊರಬರಲಾಗದು. ಹಿಮ್ಮುಖವಾಗಿಯೇ ಹೋಗಬೇಕು. ಷಡ್ಡಕರು ಹೇಳದೆ ಉಳಿಸಿದ ಅರ್ಧ ಇದಾಗಿತ್ತು.

ಬಲಕ್ಕೆ ತಿರುಗಿಸಿದರೆ ಮನೆ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಅರಿತು ತಿದ್ದುವಷ್ಟರಲ್ಲಿ ಜೀಪೂ ಟ್ರೈಲರೂ ಮಡಚಿದ ಚಾಕುವಿನಂತೆ ಒಂದಕ್ಕೊಂದು ಮುಖ ಮಾಡಿ, ಓಣಿಯ ಬಾಯಿಯನ್ನೂ ಊರ ರಸ್ತೆಯನ್ನೂ ಕಟ್ಟಿ ನಿಂತವು. ಅತ್ತ ಒಂದು ಬಸ್ಸು, ಇತ್ತ ಆಟೋಗಳು. ನೆರೆದವರಲ್ಲಿ ಹತ್ತು ಮಂದಿ ಹತ್ತು ಬಗೆಯಾಗಿ ಕೈಬೀಸಿದರು. ನಮ್ಮ ಮನೆಯಾಕೆ ಒಂದು ಹೇಳಿದರೆ ನಾವು ಇನ್ನೊಂದು ಮಾಡಿ, ದಾಂಪತ್ಯದಲ್ಲಿ ಆಡಬಾರದ ಮಾತುಗಳನ್ನು ನಡುರಸ್ತೆಯಲ್ಲಿ ಆಡಿದೆವು. ತಾಯಿಯವರು ಮೆಲ್ಲನೆ, "ಬೇಡ ಬಿಡು. ಇಲ್ಲಿಂದಲೇ ನೋಡಿದೆನಲ್ಲ, ಸಾಕು" ಎಂದರು. ಆ ಮಾತು ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ನಾಚಿಸಿತು.

ಆಗ ಗುಂಪನ್ನು ಸರಿಸಿ, ತಲೆಗೆ ತೋರ್ತು ಸುತ್ತಿದ ಹಿರಿಯರೊಬ್ಬರು ಮುಂದೆ ಬಂದರು. ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರಂತೆ. ತಾಯಿಯವರನ್ನು ಕಂಡು ಒಂದು ಕ್ಷಣ ದಿಟ್ಟಿಸಿ, ಮಲಯಾಳದ ಎಳೆತವುಳ್ಳ ಕನ್ನಡದಲ್ಲಿ, "ದೊಡ್ಡಕ್ಕ ಅಲ್ಲವಾ?" ಎಂದರು. ಹುಡುಗನಾಗಿದ್ದಾಗ ಆ ಮನೆಯ ದನ ಮೇಯಿಸುತ್ತಿದ್ದವರು! ಮಾತು ಅಷ್ಟಕ್ಕೇ ನಿಲ್ಲಿಸಿ, ಮೊದಲು ಎಲ್ಲರೂ ಕೈ ಇಳಿಸಬೇಕೆಂದು ಆಜ್ಞೆ ಮಾಡಿದರು.

"ಮೋನೇ, ಮುಂದೆ ತೆಗೆದು ನೆಟ್ಟಗೆ ಮಾಡು. ಮಡಚಿದ್ದನ್ನು ಹಿಂದೆ ತಳ್ಳಿದರೆ ಇನ್ನೂ ಮಡಚುತ್ತದೆ. ಈಗ ಕೈಯನ್ನು ಚಕ್ರದ ಕೆಳಗಡೆ ಹಿಡಿ. ಬಾಲ ಯಾವ ಕಡೆ ಬೇಕೋ ಕೈ ಆ ಕಡೆ. ಸ್ವಲ್ಪವೇ. ಗಿಡ್ಡ ಗಾಡಿಗೆ ಸಿಟ್ಟು ಬೇಗ."

ಸ್ಟೀರಿಂಗಿನ ಅಡಿಭಾಗವನ್ನು ಹಿಡಿದಾಗ ತಿರುಗುಮುರುಗಾದ ಲೋಕ ಒಮ್ಮೆಗೇ ನೆಟ್ಟಗಾಯಿತು. ಕೈ ಬಲಕ್ಕೆ, ಮನೆ ಬಲಕ್ಕೆ. ಕೈ ಎಡಕ್ಕೆ, ಮನೆ ಎಡಕ್ಕೆ. ಅವರು ನಮ್ಮ ಕನ್ನಡಿಯಲ್ಲಿ ಕಾಣುವಲ್ಲಿಯೇ ನಿಂತು ಹಿಂದೆ ಹಿಂದೆ ನಡೆದರು. ಅವರು ಕಾಣದಾದರೆ ನಿಲ್ಲಿಸಬೇಕು, ಇದೊಂದೇ ನಿಯಮ. ಮೂರು ಬಾರಿ ಮುಂದೆ ತೆಗೆದು, ನಾಲ್ಕನೆಯ ಬಾರಿಗೆ ಅಂಗಳ ಮುಟ್ಟಿದೆವು. ಕೊನೆಯ ಗಳಿಗೆಯಲ್ಲಿ ಒಂದು ಚಕ್ರ, ಒಣಹಾಕಿದ ಕಾಫಿಯ ಅಂಚಿನ ಮೇಲೆ ಹಾದುಹೋಯಿತು. ಸೋದರಮಾವನ ಮಗ ನಕ್ಕು, "ಹೇಗೂ ಹುಡಿಯಾಗುವುದೇ ಅಲ್ಲವೇ ಭಾವ, ತುಸು ಮೊದಲೇ ಆಯಿತು" ಎಂದ.

ಮರುದಿನ ನಸುಕಿನಲ್ಲಿ ನಮಗೆ ಎಚ್ಚರವಾದಾಗ ತಾಯಿಯವರ ಮಂಚ ಬರಿದಾಗಿತ್ತು. ಸೊಟ್ಟ ಮೆಟ್ಟಿಲನ್ನು ಅವರು ಹೇಗೆ ಇಳಿದರೋ! ಬಾವಿಕಟ್ಟೆಯ ಬಳಿ ಶಾಲು ಹೊದ್ದು ಕುಳಿತಿದ್ದರು. ಮಂಜಿನಲ್ಲಿ ಕಾಫಿಯ ಹಣ್ಣಿನ ಹುಳಿವಾಸನೆ. ಹಿಂದೆ ನಡುಮನೆಯಿದ್ದ ಜಾಗದಲ್ಲಿ ನಮ್ಮ ಟ್ರೈಲರ್ ನಿಂತಿತ್ತು. ಅವರು ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ದಿನ ಟ್ರೈಲರನ್ನು ಅಲ್ಲಿಯೇ ಬಿಟ್ಟು, ಬರಿಯ ಜೀಪಿನಲ್ಲಿ ವೈತ್ತಿರಿಯ ಮೂಲಕ ಲಕ್ಕಿಡಿಗೆ ಹೋದೆವು. ಅಲ್ಲಿಂದ ತಾಮರಶ್ಶೇರಿ ಚುರ ಒಂಬತ್ತು ಹಿಮ್ಮುರಿ ತಿರುವುಗಳಲ್ಲಿ ಅಡಿವಾರಕ್ಕೆ ಇಳಿಯುತ್ತದೆ. 2022ರಲ್ಲಿ ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಯಂತ್ರ ಹೊತ್ತ ಎರಡು ಭಾರೀ ಟ್ರೈಲರ್ ಲಾರಿಗಳು ಈ ಘಾಟಿಯನ್ನು ಹತ್ತಲು ಅನುಮತಿಯಿಲ್ಲದೆ ಅಡಿವಾರದಲ್ಲಿ ಮೂರು ತಿಂಗಳು ಕಾದಿದ್ದವು. ಡಿಸೆಂಬರಿನ ಒಂದು ರಾತ್ರಿ, ಉಳಿದ ವಾಹನಗಳನ್ನೆಲ್ಲ ತಡೆದು ಅವನ್ನು ಹತ್ತಿಸಿದರು. ನುರಿತವರಿಗೇ ಈ ಪಾಡಾದರೆ ನಮ್ಮಂಥವರ ಗತಿಯೇನು? ಮಳೆಗಾಲದಲ್ಲಂತೂ ಆ ಯೋಚನೆಯೇ ಸಲ್ಲದು. 2024ರ ಜುಲೈ 30ರಂದು ಮುಂಡಕ್ಕೈ ಚೂರಲ್‌ಮಲೆಗಳಲ್ಲಿ ಬೆಟ್ಟ ಕುಸಿದು ನೂರಾರು ಜೀವಗಳನ್ನು ನುಂಗಿದ ನಾಡಿದು. ಮನೆಯನ್ನು ಬಂದ ದಾರಿಯಲ್ಲಿಯೇ ಮೈಸೂರಿಗೆ ಮರಳಿಸುವುದೆಂದು ಅಲ್ಲಿಯೇ ನಿಶ್ಚಯಿಸಿದೆವು.

ಲಕ್ಕಿಡಿಯಲ್ಲಿ ಸರಪಳಿ ಬಿಗಿದ ಒಂದು ಮರವಿದೆ. ಈ ಘಾಟಿಯ ದಾರಿಯನ್ನು ಆಂಗ್ಲ ಅಧಿಕಾರಿಗೆ ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಗಿರಿಜನ ತರುಣನೆಂದೂ, ಹೆಸರು ತನಗೇ ಬರಲೆಂದು ಅಧಿಕಾರಿ ಅವನನ್ನು ಕೊಂದನೆಂದೂ, ದಾರಿಹೋಕರನ್ನು ಕಾಡಿದ ಅವನ ಆತ್ಮವನ್ನು ಈ ಮರಕ್ಕೆ ಸರಪಳಿಯಲ್ಲಿ ಬಂಧಿಸಿದರೆಂದೂ ಐತಿಹ್ಯ. ತಾಯಿಯವರು ಜೀಪಿನಿಂದಲೇ ಕೈಮುಗಿದರು. ಬರುವಾಗ ಪೇಟೆಯಲ್ಲಿ ನಿಲ್ಲಿಸಿ ಟ್ರ್ಯಾಕ್ಟರಿನ ಹಿರಿಯರಿಗೆಂದು ಒಂದು ಪಂಚೆ, ಒಂದು ಶಾಲು ಕೊಂಡರು. ಅವರು ಹಣ ಬೇಡವೆಂದಿದ್ದರು; ಶಾಲನ್ನು ಮಾತ್ರ ಬೇಡವೆನ್ನಲಿಲ್ಲ.

ಮೂರನೆಯ ದಿನ ಕೊಂಡಿ ಸಿಕ್ಕಿಸಿ, ಸುರಕ್ಷೆಯ ಸರಪಳಿ ಬಿಗಿದು, ದೀಪದ ತಂತಿ ನೋಡಿ, ಮೆಟ್ಟಿಲು ಕಟ್ಟಿ, ಕೊನೆಗೆ ಚಕ್ರದ ಕಲ್ಲು ತೆಗೆದು ಹೊರಟೆವು. ಒಳಗೆ ಬರಲು ಒಂದೂವರೆ ಗಂಟೆ ಹಿಡಿದ ಓಣಿಯನ್ನು ಮುಂದಾಗಿ ಒಂದೇ ನಿಮಿಷದಲ್ಲಿ ದಾಟಿ ರಸ್ತೆಗೆ ಬಂದೆವು.

ತಾಯಿಯವರು ಹಿಂದಿರುಗಿ ನೋಡುತ್ತ, "ಹೊರಗೆ ಬರುವುದು ಎಷ್ಟು ಸುಲಭ, ನೋಡು" ಎಂದರು.

ಮೈಸೂರಿನಲ್ಲಿ ಮೆಟ್ಟಿಲನ್ನು ಬಡಿಸಿ ನೆಟ್ಟಗೆ ಮಾಡಿಸಿ, ಷಡ್ಡಕರಿಗೆ ಅವರ ಮನೆಯನ್ನು ಒಪ್ಪಿಸಿದೆವು.