ಸಮೂಹಗಾಯನದ ತರಗತಿ: ಮಕ್ಕಳಿಂದ ನಾವು ಬಯಸಬೇಕಾದುದೇನು?



ನಮ್ಮ ಶ್ರೀಮಠದ ಪ್ರೌಢಶಾಲೆಗೆ ಸಂಗೀತೋಪಾಧ್ಯಾಯನಾಗಿ ನಾನು ಬಂದುದು 1978ರಲ್ಲಿ, ನಿವೃತ್ತನಾದುದು 2011ರಲ್ಲಿ. ನಿವೃತ್ತಿಯ ನಂತರವೂ ವಾರಕ್ಕೊಂದು ಸಂಜೆ ಮಕ್ಕಳ ನಡುವೆ ಕುಳಿತು ವಚನಗಳನ್ನು ಹೇಳಿಕೊಡುವ ಭಾಗ್ಯವನ್ನು ಶ್ರೀಗಳವರು ನನಗೆ ಉಳಿಸಿಕೊಟ್ಟಿದ್ದಾರೆ. ಈ ವರ್ಷ ಶಾಲೆ ಆರಂಭವಾಗುವ ಮುನ್ನ ಮುಖ್ಯೋಪಾಧ್ಯಾಯರು ನನ್ನನ್ನು ಕರೆಯಿಸಿ, “ಗುರುಗಳೇ, ಸಮೂಹಗಾಯನದ ತರಗತಿಗೆ ಸೇರುವ ಮಕ್ಕಳು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿರಿ, ಗೋಡೆಗೆ ಅಂಟಿಸುತ್ತೇವೆ” ಎಂದರು. ಸಣ್ಣ ಕೆಲಸವೆಂದು ಒಪ್ಪಿಕೊಂಡೆ. ಆರು ನಿಯಮಗಳನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಏಳನೆಯದನ್ನು ಬರೆಯಲು ಎಂಟು ದಿನ ಹಿಡಿಯಿತು. ಅದೇಕೆಂಬುದನ್ನು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದೇ ಈ ಲೇಖನ.

ಮೊದಲು ಆ ಆರನ್ನು ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಇದೇ ಜಮಖಾನೆಯ ಮೇಲೆ ಕುಳಿತು ಹಾಡಿದವರು. ಇವು ನಿಮಗೆ ಹೊಸತಲ್ಲ.

ಒಂದನೆಯದು, ಸಮಯಪಾಲನೆ. ಗಂಟೆ ಬಾರಿಸುವುದಕ್ಕೆ ಮೊದಲೇ ಜಮಖಾನೆ ಹಾಸಿರಬೇಕು, ಹಾರ್ಮೋನಿಯಂ ಬಂದಿರಬೇಕು. ಈ ಕೆಲಸ ಜವಾನನದಲ್ಲ, ಸರದಿಯ ಮೇಲೆ ಮಕ್ಕಳದೇ. ಕಸ ಗುಡಿಸಿದ ಕೈಯೇ ತಾಳ ಹಾಕಬೇಕು. ಕಾಯಕವನ್ನು ಕುರಿತ ವಚನವನ್ನು ಹಾಡುವ ಬಾಲಕನು ಹಾಸಿದ ಜಮಖಾನೆಗಾಗಿ ಕಾಯುತ್ತ ನಿಲ್ಲುವುದು ಆ ವಚನಕ್ಕೇ ಅಪಚಾರ.

ಎರಡನೆಯದು, ಕುಳಿತುಕೊಳ್ಳುವ ರೀತಿ. ಬೆನ್ನು ನೆಟ್ಟಗಿರಬೇಕು, ಹೆಗಲು ಸಡಿಲವಾಗಿರಬೇಕು, ಗದ್ದ ಎದೆಗೂ ಅಂಟಬಾರದು, ಮೇಲಕ್ಕೂ ಎತ್ತಿರಬಾರದು. ಉಸಿರು ಹೊಟ್ಟೆಯ ಮಟ್ಟಕ್ಕೆ ಇಳಿಯಬೇಕು. ಎದೆಯನ್ನಷ್ಟೇ ಉಬ್ಬಿಸಿ ಉಸಿರೆಳೆಯುವ ಮಗುವಿಗೆ ಅರ್ಧ ವಚನಕ್ಕೇ ದಮ್ಮು ಮುಗಿಯುತ್ತದೆ. ಉಳಿದರ್ಧವನ್ನು ಅದು ಗಂಟಲು ಬಿಗಿದು ದೂಡುತ್ತದೆ.

ಮೂರನೆಯದು, ಅರ್ಥ ಮತ್ತು ಉಚ್ಚಾರ. ಹಾಡುವ ವಚನವನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದ ವಹಿಯಲ್ಲಿ ಬರೆದುಕೊಳ್ಳಬೇಕು. ಅಲ್ಪಪ್ರಾಣ ಮಹಾಪ್ರಾಣಗಳು ಕಲಸಿಹೋಗಬಾರದು. ಹಕಾರ ಅಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಬರಬಾರದು. ಅಂಕಿತವನ್ನು ಕೇಳಿದೊಡನೆ ಅದು ಯಾವ ಶರಣರದೆಂದು ಹೇಳಲು ಬರಬೇಕು. ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ, ಶೋಧಿಸಿ, ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅಷ್ಟು ಕಷ್ಟದಿಂದ ನಮ್ಮ ಕೈಸೇರಿದ ಅಕ್ಷರಗಳನ್ನು ನಾಲಗೆಯ ಸೋಮಾರಿತನದಿಂದ ಕೆಡಿಸುವ ಅಧಿಕಾರ ನಮಗಿಲ್ಲ.

ನಾಲ್ಕನೆಯದು, ಕೇಳುವುದು. ಸಮೂಹಗಾಯನದಲ್ಲಿ ಬಾಯಿಗಿಂತ ಕಿವಿಗೆ ಹೆಚ್ಚಿನ ಕೆಲಸ. ಪಕ್ಕದವನ ದನಿ ನಿನಗೆ ಕೇಳಿಸದಿದ್ದರೆ ನೀನು ಹೆಚ್ಚು ಗಟ್ಟಿಯಾಗಿ ಹಾಡುತ್ತಿರುವೆಯೆಂದು ತಿಳಿ. ನಿನ್ನ ದನಿ ನಿನಗೇ ಕೇಳಿಸದಿದ್ದರೆ ನೀನು ಹಾಡುತ್ತಲೇ ಇಲ್ಲವೆಂದು ತಿಳಿ. ಮಕ್ಕಳಿಗೆ ನಾನು ಹೇಳುವ ಅಳತೆ ಇದೊಂದೇ.

ಐದನೆಯದು, ಉಸಿರಿನ ಸರದಿ. ಕೀರ್ತನೆಗೆ ಪಲ್ಲವಿಯುಂಟು, ಚರಣವುಂಟು. ಸಾಲುಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ. ವಚನ ಹಾಗಲ್ಲ. ಅದು ಮಾತಿನ ಓಟದಲ್ಲಿ ಹುಟ್ಟಿದುದು. ಒಂದು ಸಾಲು ಮೂರು ಪದಗಳದ್ದಾದರೆ ಮುಂದಿನದು ಹತ್ತು ಪದಗಳದ್ದು. ಆದ್ದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ಅರ್ಥವನ್ನು ನೋಡಿ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಲ್ಲದಿದ್ದರೆ ನಲವತ್ತು ಮಕ್ಕಳು ನಲವತ್ತು ಕಡೆ ವಚನವನ್ನು ಮುರಿಯುತ್ತಾರೆ. ಉದ್ದನೆಯ ಸಾಲಿನಲ್ಲಿಯಾದರೋ ಎಲ್ಲರೂ ಒಟ್ಟಿಗೆ ಉಸಿರೆಳೆಯಬಾರದು. ಒಬ್ಬನು ಉಸಿರೆಳೆಯುವಾಗ ಪಕ್ಕದವನು ಸ್ವರವನ್ನು ಹಿಡಿದಿರಬೇಕು. ಅವನ ಸರದಿ ಬಂದಾಗ ಇವನು ಹಿಡಿಯಬೇಕು. ಕೇಳುವವರಿಗೆ ಎಲ್ಲಿಯೂ ತುಂಡಾಗದ ಒಂದೇ ದನಿ ಕೇಳಿಸುತ್ತದೆ. ದಾಸೋಹವೆಂದರೇನೆಂದು ಎಂಟನೆಯ ಇಯತ್ತೆಯ ಮಗುವಿಗೆ ತಿಳಿಸಲು ಇದಕ್ಕಿಂತ ಸುಲಭವಾದ ದಾರಿ ನನಗೆ ದೊರೆತಿಲ್ಲ.

ಆರನೆಯದು, ಗಂಟಲಿನ ಕಾಳಜಿ. ಆಟದ ಬಯಲಿನಲ್ಲಿ ಕಿರುಚಿ ಬಂದು ಹಾಡಬಾರದು. ಗಂಟಲು ಕಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ಧ್ವನಿಮುದ್ರಿಕೆಯಲ್ಲಿ ಕೇಳಿದ ದೊಡ್ಡವರ ಕಂಠವನ್ನು ಅನುಕರಿಸಬಾರದು.

ಈ ಕಡೆಯ ಮಾತಿಗೆ ಸ್ವಲ್ಪ ವಿವರಣೆ ಬೇಕು. ನಮ್ಮ ಮಠಗಳಿಗೂ ಸಂಗೀತಕ್ಕೂ ಇರುವ ನಂಟು ಹಳೆಯದು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಅಂಧಬಾಲಕನೊಬ್ಬನ ಕಂಠವನ್ನು ಗುರುತಿಸಿ, ಸಂಗೀತದ ಶಿಕ್ಷಣ ಕೊಡಿಸಿದುದರಿಂದಲೇ ನಾಡಿಗೆ ಪಂಚಾಕ್ಷರಿ ಗವಾಯಿಗಳು (1892–1944) ದೊರೆತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಆ ಗುರುವಿನಿಂದ ಪುಟ್ಟರಾಜ ಗವಾಯಿಗಳೂ ಬಸವರಾಜ ರಾಜಗುರುಗಳೂ ಸಿದ್ಧರಾದರು. ಮಲ್ಲಿಕಾರ್ಜುನ ಮನಸೂರರು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಾಡಿದ ಬಗೆಯನ್ನು ಕೇಳಿದವರು ಮರೆಯಲಾರರು. ಆದರೆ ಅವರೆಲ್ಲರೂ ಏಕಾಂಗಿಯಾಗಿ ಕುಳಿತು ಹಾಡಿದ ಮಹನೀಯರು; ಅವರ ಆಲಾಪ, ತಾನುಗಳ ಹಿಂದೆ ದಶಕಗಳ ಸಾಧನೆಯಿತ್ತು. ಶಾಲೆಯ ಸಮೂಹಗಾಯನದ ಉದ್ದೇಶ ಗವಾಯಿಗಳನ್ನು ತಯಾರಿಸುವುದಲ್ಲ. ನಲವತ್ತರಲ್ಲಿ ಒಬ್ಬನು ಗಾಯಕನಾದರೆ ಸಂತೋಷ. ಉಳಿದ ಮೂವತ್ತೊಂಬತ್ತು ಮಂದಿ ಮನೆಯ ಪೂಜೆಯಲ್ಲಿ, ಊರಿನ ಭಜನೆಯಲ್ಲಿ, ಹೊಲದ ಬದುವಿನ ಮೇಲೆ ಅಳುಕಿಲ್ಲದೆ ದನಿ ಎತ್ತುವಂತಾದರೆ ಅದೇ ಆ ತರಗತಿಯ ಫಲ.

ಇದನ್ನು ಇಂದು ಇಷ್ಟು ನಿಶ್ಚಯವಾಗಿ ಬರೆಯುತ್ತಿದ್ದೇನೆ. 1986ರಲ್ಲಿ ನನಗಿದು ತಿಳಿದಿರಲಿಲ್ಲ.

ಆ ವರ್ಷ ಶ್ರಾವಣಮಾಸದ ಶಿವಾನುಭವ ಗೋಷ್ಠಿಯ ಸಮಾರೋಪಕ್ಕೆ ನಮ್ಮ ಮಕ್ಕಳ ವಚನಗಾಯನವಿತ್ತು. ಪರಸ್ಥಳದ ಪೂಜ್ಯರು ಬರುವವರಿದ್ದರು. ಒಂದು ತಿಂಗಳು ಅಭ್ಯಾಸ ನಡೆಸಿದ್ದೆ. ಪ್ರಸಾದನಿಲಯದಲ್ಲಿದ್ದು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ಹಿಂದಿನ ವರ್ಷ ಎಲ್ಲರಿಗಿಂತ ಮೊದಲು ಹಾಡನ್ನು ಎತ್ತಿಕೊಳ್ಳುತ್ತಿದ್ದವನು. ಆ ವರ್ಷ ಅವನ ದನಿ ಒಡೆದಿತ್ತು. ಮಧ್ಯಸಪ್ತಕದಲ್ಲಿ ಆರಂಭಿಸಿದ ಸ್ವರ ನಡುವೆ ಥಟ್ಟನೆ ಕೆಳಗೆ ಜಾರುತ್ತಿತ್ತು, ಮರುಕ್ಷಣ ಕೀರಲಾಗುತ್ತಿತ್ತು. ಅವನಿಗೇ ಅದರ ಮೇಲೆ ಹಿಡಿತವಿರಲಿಲ್ಲ. ಸಮಾರೋಪದ ಹಿಂದಿನ ಸಂಜೆ, ಎಲ್ಲ ಮಕ್ಕಳೂ ಕುಳಿತಿರುವಾಗಲೇ ಅವನಿಗೆ ಹೇಳಿದೆ:

“ತಮ್ಮಾ, ನಾಳೆ ನೀ ಬರೇ ಬಾಯಿ ಆಡ್ಸು. ದನಿ ತಗೀಬ್ಯಾಡ.”

“ಹೂಂ ರೀ ಸರ” ಎಂದನು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಪೂಜ್ಯರು ಮೆಚ್ಚಿ ನುಡಿದರು. ಹುಡುಗನು ಮೊದಲ ಸಾಲಿನಲ್ಲಿ ಕುಳಿತು ಹೇಳಿದಂತೆಯೇ ನಡೆದುಕೊಂಡನು. ಮರುವಾರದಿಂದ ಅವನು ತರಗತಿಗೆ ಬರಲಿಲ್ಲ. ಓದಿನ ಕಡೆ ಗಮನ ಹೋಗಿರಬೇಕೆಂದು ನಾನೂ ಕೇಳಲಿಲ್ಲ.

ಮುಂದೆ 2014ರಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಸೇರಿದ್ದಾಗ ಬೆಳಗಿನ ಸಾಮೂಹಿಕ ಪ್ರಾರ್ಥನೆಯಲ್ಲಿ ಆತನು ನನ್ನ ಪಕ್ಕದಲ್ಲಿಯೇ ನಿಂತಿದ್ದನು. ಸರಕಾರಿ ನೌಕರಿ, ತಲೆಯಲ್ಲಿ ನರೆಗೂದಲು, ಕೈಯಲ್ಲಿ ಮಗಳ ಕೈ. ಪ್ರಾರ್ಥನೆ ಆರಂಭವಾಯಿತು. ನನ್ನ ಕಿವಿ ರೂಢಿಯಂತೆ ಪಕ್ಕದ ದನಿಯನ್ನು ಹುಡುಕಿತು. ದನಿಯಿರಲಿಲ್ಲ. ತಿರುಗಿ ನೋಡಿದೆ, ತುಟಿಗಳು ಒಂದಕ್ಷರವೂ ತಪ್ಪದೆ ಆಡುತ್ತಿದ್ದವು. ಪ್ರಸಾದದ ಪಂಕ್ತಿಯಲ್ಲಿ ಕೇಳಿದೆ. ಆತನು ನಕ್ಕು, “ನೀವ ಹೇಳಿದ್ರೆಲ್ಲಾ ಸರ, ಬಾಯಿ ಆಡ್ಸು ಅಂತ. ಆವಾಗಿಂದ ಹಂಗ ರೂಢಿ ಆಗೇತಿ” ಎಂದನು. ಮಾತಿನಲ್ಲಿ ಕಹಿಯಿರಲಿಲ್ಲ. ತುಸು ಹೊತ್ತಿನ ಮೇಲೆ ತಾನಾಗಿಯೇ ಹೇಳಿದನು: “ನಮ್ಮಪ್ಪಾರು ಲಿಂಗೈಕ್ಯ ಆದ ರಾತ್ರಿ ಎಲ್ಲಾರೂ ಕುಂತು ಭಜನಿ ಮಾಡಿದ್ರು ಸರ. ನನಗ ದನೀನ ಬರಲಿಲ್ಲ.”

ತಪ್ಪಾಯಿತಪ್ಪಾ ಎಂದೆ. ಗುರುವಿನ ಬಾಯಿಂದ ಆ ಮಾತು ಬಂದುದಕ್ಕೆ ಆತನು ಸಂಕೋಚಗೊಂಡು ಮಗಳ ಓದಿನ ಮಾತೆತ್ತಿದನು. ಅಷ್ಟಕ್ಕೆ ಆ ಪ್ರಸಂಗ ಮುಗಿಯಿತು, ನನ್ನೊಳಗೆ ಮುಗಿಯಲಿಲ್ಲ.

ದನಿ ಒಡೆಯುವುದು ರೋಗವಲ್ಲ, ಅಪರಾಧವೂ ಅಲ್ಲ. ಹುಡುಗರಿಗೆ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಹೊಸ ವಾದ್ಯವನ್ನು ನುಡಿಸಲು ದೇಹ ಕಲಿಯುವವರೆಗೆ ಕೆಲವು ತಿಂಗಳು ಸ್ವರ ಜಾರುತ್ತದೆ. ಅಂಥವನಿಗೆ ಎತ್ತರದ ಸ್ವರ ಬೇಡ. ಮಂದ್ರದಲ್ಲಿ ಅವನಿಗೆ ಹಿತವಾದ ನಾಲ್ಕೈದು ಸ್ವರಗಳೊಳಗೆ ಹಾಡಿಸಬಹುದು. ಅದೂ ಆಗದಿದ್ದರೆ ಷಡ್ಜವೊಂದನ್ನೇ ಹಿಡಿದಿರಲು ಹೇಳಬಹುದು. ಅಂಕಿತ ಬಂದಾಗ ಎಲ್ಲರೊಡನೆ ಕೂಡಲು ಹೇಳಬಹುದು. ಹಾರ್ಮೋನಿಯಂ ಮೇಲೆ ಕೈಯಿಟ್ಟಿದ್ದ ನನಗೆ ಇಷ್ಟು ಹೊಳೆಯಲಿಲ್ಲ. ಹೊಳೆಯಲಿಲ್ಲವೆಂಬುದಕ್ಕಿಂತ, ವೇದಿಕೆಯ ಮರ್ಯಾದೆಯ ಚಿಂತೆಯಲ್ಲಿ ಹುಡುಗನ ಚಿಂತೆ ನನಗೆ ಬರಲಿಲ್ಲ ಎಂಬುದೇ ನಿಜ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ತಾಳಮಾನಗಳ ಗೊಡವೆಯಿಲ್ಲದೆ ಮನವೊಲಿದಂತೆ ಹಾಡುವೆನೆಂದು ಬಸವಣ್ಣನವರೇ ಹೇಳಿರುವಾಗ ಈ ನಿಯಮಗಳೇಕೆ? ಭಕ್ತಿಯೊಂದೇ ಸಾಲದೇ? ನಾನೂ ಬಹಳ ಯೋಚಿಸಿದ್ದೇನೆ. ಭಕ್ತನೊಬ್ಬನು ತನ್ನ ದೇವರ ಮುಂದೆ ಏಕಾಂತದಲ್ಲಿ ಆಡುವ ಮಾತು ಅದು. ನಲವತ್ತು ಮಂದಿ ಒಂದೇ ಜಮಖಾನೆಯ ಮೇಲೆ ಕುಳಿತಾಗ ತಾಳವೆಂಬುದು ಪಕ್ಕದವನಿಗೆ ತೋರುವ ಗೌರವ. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡುಗಳ ಅವಧಿಯಿದೆ. ನಮ್ಮ ನಾಡಗೀತೆಗೆ 2022ರಲ್ಲಿ ಸರ್ಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷಗಳ ಮಿತಿಯನ್ನೂ ನಿಗದಿಪಡಿಸಿತು. ಎಲ್ಲರೂ ಕೂಡಿ ಹಾಡಬೇಕಾದರೆ ಎಲ್ಲರೂ ಒಪ್ಪುವ ಒಂದು ಕಟ್ಟು ಬೇಕೇ ಬೇಕು. ಆದರೆ ಆ ಕಟ್ಟು ಎಲ್ಲರನ್ನೂ ಒಳಗೆ ಕೂಡಿಸುವುದಕ್ಕೆ ಇರುವಂಥದು. ನಾನು ಅದನ್ನು ಒಬ್ಬನನ್ನು ಹೊರಗಿಡಲು ಬಳಸಿದೆ. ಬಸವಣ್ಣನವರ ಆ ವಚನ ಮಕ್ಕಳಿಗೆ ನಿಯಮ ಬೇಡವೆಂದು ಹೇಳುವುದಿಲ್ಲ; ತಾಳ ತಪ್ಪಿದವನ ಹಾಡೂ ಸಂಗಮನಾಥನಿಗೆ ಸಲ್ಲುತ್ತದೆಂದು ನನ್ನಂಥ ಉಪಾಧ್ಯಾಯನಿಗೆ ಹೇಳುತ್ತದೆ.

ಈಗ ಅನೇಕ ಶಾಲೆಗಳ ಸಮಾರಂಭಗಳಲ್ಲಿ ಇನ್ನೊಂದು ಪದ್ಧತಿಯನ್ನು ಕಾಣುತ್ತೇನೆ. ಧ್ವನಿವರ್ಧಕದಲ್ಲಿ ಯಾರೋ ಹಾಡಿದ ವಚನ ಮೊಳಗುತ್ತದೆ. ಅಲಂಕೃತರಾದ ಮಕ್ಕಳು ಸಾಲಾಗಿ ನಿಂತು ತುಟಿಯಾಡಿಸುತ್ತಾರೆ. ಅಪಸ್ವರದ ಭಯವಿಲ್ಲ, ಅಭ್ಯಾಸದ ಶ್ರಮವಿಲ್ಲ. ನಾನು ಒಬ್ಬನಿಗೆ ಮಾಡಿದುದನ್ನು ಇಲ್ಲಿ ಎಲ್ಲರಿಗೂ ಮಾಡಲಾಗುತ್ತಿದೆ. ಪಾಲಕರೇ, ನಿಮ್ಮ ಮಗು ಕೊಂಚ ಅಪಸ್ವರದಲ್ಲಿಯಾದರೂ ತನ್ನ ಕಂಠದಿಂದಲೇ ಹಾಡಲೆಂದು ಶಾಲೆಯವರಿಗೆ ಹೇಳಿರಿ. ಮನೆಯಲ್ಲಿ ಹಾಡಿದಾಗ ನಗಬೇಡಿರಿ.

ಎಂಟು ದಿನಗಳ ನಂತರ ಏಳನೆಯ ನಿಯಮವನ್ನು ಹೀಗೆ ಬರೆದೆ: “ಈ ತರಗತಿಗೆ ಸೇರಿದ ಪ್ರತಿಯೊಬ್ಬರೂ ದನಿ ತೆಗೆದು ಹಾಡತಕ್ಕದ್ದು. ಸುಮ್ಮನೆ ಬಾಯಿ ಆಡಿಸುವಂತೆ ಯಾರೂ ಯಾರಿಗೂ, ಉಪಾಧ್ಯಾಯರು ಸಹ, ಹೇಳತಕ್ಕದ್ದಲ್ಲ.” ಮುಖ್ಯೋಪಾಧ್ಯಾಯರು ಓದಿ, ಇದು ಮಕ್ಕಳ ಹಾಳೆಯಲ್ಲಿ ಏಕೆಂದು ಕೇಳಿದರು. ಮಕ್ಕಳ ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಉಪಾಧ್ಯಾಯನಿಗೆ ನೆನಪಿರುತ್ತದೆ ಎಂದೆ. ಹಾಳೆ ಈಗ ಗೋಡೆಯ ಮೇಲಿದೆ.

ಈ ಪುಟಗಳನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನಿಂದಲೋ ಮತ್ತೊಬ್ಬರಿಂದಲೋ ಅಂಥ ಮಾತು ಕೇಳಿ ಬಾಯಿ ಮುಚ್ಚಿದವರು ಇನ್ನೂ ಇರಬಹುದು. ಅವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಶ್ರೀಮಠಕ್ಕೆ ಬಂದಾಗ ಬೆಳಗಿನ ಪ್ರಾರ್ಥನೆಗೆ ನಿಲ್ಲಿರಿ, ದನಿ ತೆಗೆಯಿರಿ. ಅದು ಹೇಗೆ ಬಂದರೂ ಬರಲಿ. ನಿಮಗೆ ಉಸಿರು ಸಾಲದಾದಾಗ ಪಕ್ಕದಲ್ಲಿ ನಿಂತವರು ಸ್ವರವನ್ನು ಹಿಡಿದಿರುತ್ತಾರೆ.